ಟ್ಯೂಬಿಂಗೆನ್‌ನಲ್ಲಿ ಒಂದು ದಿನ: ಯಾವುದನ್ನು ನೋಡಬೇಕು, ಯಾವುದನ್ನು ಬಿಡಬಹುದು

ನೆಕರ್ ನದಿ ದಕ್ಷಿಣ ಜರ್ಮನಿಯಲ್ಲಿ ಹುಟ್ಟಿ ಟ್ಯೂಬಿಂಗೆನ್, ಸ್ಟುಟ್‌ಗಾರ್ಟ್, ಹೈಡೆಲ್‌ಬರ್ಗ್ ದಾಟಿ ಮಾನ್‌ಹೈಮ್ ಹತ್ತಿರ ರೈನ್ ನದಿಯನ್ನು ಸೇರುತ್ತದೆ. ಬೆಂಗಳೂರಿನಿಂದ ಕೆಲಸದ ಮೇಲೆ ಸ್ಟುಟ್‌ಗಾರ್ಟ್‌ಗೆ ಹೋಗುವವರು ಬಹಳ ಜನ. ಬಾಷ್, ಮರ್ಸಿಡಿಸ್ ಎರಡೂ ಅಲ್ಲಿಯವೇ. ಹಾಗೆ ಹೋದವರು ರಜೆ ಸಿಕ್ಕ ಕೂಡಲೇ ಹೈಡೆಲ್‌ಬರ್ಗ್‌ಗೆ ರೈಲು ಹತ್ತುತ್ತಾರೆ. ಅದೇ ನದಿಯ ಮೇಲ್ದಂಡೆಯಲ್ಲಿ, ರೈಲಿನಲ್ಲಿ ಒಂದು ಗಂಟೆಯೊಳಗೆ ಸಿಗುವ ಟ್ಯೂಬಿಂಗೆನ್ ಎಷ್ಟೋ ಜನರ ಪಟ್ಟಿಯಲ್ಲೇ ಇರುವುದಿಲ್ಲ. ಕನ್ನಡ ಓದುವವರಿಗೆ ಈ ಊರು ಹೈಡೆಲ್‌ಬರ್ಗ್‌ಗಿಂತ ಹತ್ತಿರದ್ದು ಎಂದು ನನಗೆ ಗಟ್ಟಿಯಾಗಿ ಅನಿಸುತ್ತದೆ. ಯಾಕೆ ಎಂದು ಮುಂದೆ ಹೇಳುತ್ತೇನೆ.

ಟ್ಯೂಬಿಂಗೆನ್ ಚಿಕ್ಕ ಊರು. ಸುಮಾರು 90,000 ಜನ, ಅದರಲ್ಲಿ ಒಂದು ದೊಡ್ಡ ಪಾಲು ವಿದ್ಯಾರ್ಥಿಗಳು. ಚಿಕ್ಕದಾದರೂ ಒಂದೇ ದಿನದಲ್ಲಿ ಎಲ್ಲವನ್ನೂ ನೋಡಲು ಹೊರಟರೆ ಕಾಲು ನೋಯುತ್ತದೆಯೇ ಹೊರತು ಏನೂ ಮನಸ್ಸಿಗೆ ಇಳಿಯುವುದಿಲ್ಲ. ಆದ್ದರಿಂದ ಈ ಬರಹದಲ್ಲಿ ಅದೋ ಇದೋ ಎಂದು ಹೋಲಿಸಿಯೇ ಹೇಳುತ್ತೇನೆ. ಯಾರಿಗೆ ಯಾವುದು ಹೊಂದುತ್ತದೆ ಎನ್ನುವುದು ಮುಖ್ಯ.

ಹೈಡೆಲ್‌ಬರ್ಗೋ, ಟ್ಯೂಬಿಂಗೆನ್ನೋ?

ಇದನ್ನು ಬೇಗ ಮುಗಿಸೋಣ. ಎರಡೂ ನೆಕರ್ ದಂಡೆಯ ಊರುಗಳು. ಎರಡಕ್ಕೂ ಹಳೆಯ ವಿಶ್ವವಿದ್ಯಾಲಯ ಇದೆ: ಹೈಡೆಲ್‌ಬರ್ಗ್‌ನದು 1386ರದು, ಟ್ಯೂಬಿಂಗೆನ್‌ನದು 1477ರದು. ಎರಡರಲ್ಲೂ ಗುಡ್ಡದ ಮೇಲೆ ಕೋಟೆ. ಹೈಡೆಲ್‌ಬರ್ಗ್‌ನ ಕೋಟೆ ದೊಡ್ಡದು, ಕೆಂಪು ಕಲ್ಲಿನದು. 17ನೇ ಶತಮಾನದ ಕೊನೆಯಲ್ಲಿ ಫ್ರೆಂಚ್ ಸೇನೆ ಅದನ್ನೂ ಊರನ್ನೂ ಹಾಳು ಮಾಡಿತು. ಆಮೇಲೆ ಊರನ್ನು ಆ ಕಾಲದ ಹೊಸ ಶೈಲಿಯಲ್ಲಿ ಕಟ್ಟಿಕೊಂಡರು. ಟ್ಯೂಬಿಂಗೆನ್‌ಗೆ ಅಂಥ ಪೆಟ್ಟು ಬೀಳಲಿಲ್ಲ. ಎರಡನೇ ಮಹಾಯುದ್ಧದಲ್ಲೂ ಹಳೆಯ ಪೇಟೆ ಬಹುಮಟ್ಟಿಗೆ ಉಳಿಯಿತು. ಹಾಗಾಗಿ ಮರದ ತೊಲೆಗಳ ನಡುವೆ ಗಾರೆ ತುಂಬಿ ಕಟ್ಟಿದ, ಮಾಳಿಗೆ ಮುಂದಕ್ಕೆ ಬಾಗಿದ ಹಳೆಯ ಮನೆಗಳು ಇಲ್ಲಿ ಓಣಿ ಓಣಿಯಲ್ಲೂ ಇವೆ. ಅವುಗಳಲ್ಲಿ ಈಗಲೂ ಜನ ಇದ್ದಾರೆ. ಕೆಳಗೆ ಸೈಕಲ್ ರಿಪೇರಿ ಅಂಗಡಿ, ಮೇಲೆ ವಿದ್ಯಾರ್ಥಿಗಳ ರೂಮು.

ದೊಡ್ಡ ನೋಟ, ಪ್ರಸಿದ್ಧ ಕೋಟೆ, ಫೋಟೊ ಬೇಕು ಎನ್ನುವವರು ಹೈಡೆಲ್‌ಬರ್ಗ್‌ಗೆ ಹೋಗಲಿ. ಜನಜಂಗುಳಿ ಕಡಿಮೆ ಇರಲಿ, ಒಂದು ಊರು ತನ್ನ ಪಾಡಿಗೆ ಬದುಕುವುದನ್ನು ನೋಡೋಣ ಎನ್ನುವವರಿಗೆ ಟ್ಯೂಬಿಂಗೆನ್.

ಯಾವ ದಿನ ಹೋಗುವುದು?

ಎಷ್ಟೋ ಜನ ಯೋಚಿಸದೆ ಭಾನುವಾರ ಹೊರಡುತ್ತಾರೆ. ಜರ್ಮನಿಯಲ್ಲಿ ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ಮ್ಯೂಸಿಯಂ ತೆರೆದಿರುತ್ತದೆ, ಹೋಟೆಲುಗಳೂ ಇರುತ್ತವೆ, ಆದರೆ ಪೇಟೆಯ ಜೀವ ಅರ್ಧ ಮಲಗಿರುತ್ತದೆ. ಚೌಕದ ಸಂತೆ ಸೋಮವಾರ, ಬುಧವಾರ, ಶುಕ್ರವಾರ ನಡೆಯುತ್ತದೆ. ಕೋಟೆಯ ಮ್ಯೂಸಿಯಂ ಬುಧವಾರದಿಂದ ಭಾನುವಾರದವರೆಗೆ, ಕವಿ ಹೋಲ್ಡರ್ಲೀನ್ ನೆನಪಿನ ಗೋಪುರ ಗುರುವಾರದಿಂದ ಸೋಮವಾರದವರೆಗೆ. ಈ ಮೂರನ್ನೂ ಪಕ್ಕಪಕ್ಕ ಇಟ್ಟರೆ ಮೂರೂ ಸಿಗುವ ದಿನ ಒಂದೇ, ಶುಕ್ರವಾರ. ಒಂದು ದಿನ ರಜೆ ಹಾಕಿ ಹೋಗಲು ಆದರೆ ಶುಕ್ರವಾರವನ್ನೇ ಆರಿಸಿಕೊಳ್ಳಿ. ಆಗದಿದ್ದರೆ ಶನಿವಾರ ಎರಡನೆಯದು. ಮಂಗಳವಾರ ಮಾತ್ರ ಬೇಡ. ಹಬ್ಬಗಳಲ್ಲಿ ಸಮಯ ಬದಲಾಗುತ್ತದೆ, ಹೊರಡುವ ಮುಂಚೆ ಒಮ್ಮೆ ನೋಡಿಕೊಳ್ಳಿ.

ಸ್ಟುಟ್‌ಗಾರ್ಟ್‌ನಿಂದ ಪ್ರಾದೇಶಿಕ ರೈಲು ಸಾಕು. ಡಾಯ್ಚ್‌ಲಾಂಡ್‌ಟಿಕೆಟ್ ಎನ್ನುವ, ದೇಶದ ಎಲ್ಲ ಪ್ರಾದೇಶಿಕ ರೈಲುಗಳಿಗೆ ಸಲ್ಲುವ ತಿಂಗಳ ಪಾಸು ಇದ್ದವರಿಗೆ ಬೇರೆ ಟಿಕೆಟ್ ಬೇಕಾಗಿಲ್ಲ. ಟ್ಯೂಬಿಂಗೆನ್ ನಿಲ್ದಾಣದಿಂದ ನದಿಯ ಸೇತುವೆಗೆ ಹತ್ತು ನಿಮಿಷದ ನಡಿಗೆ.

ನದಿಯನ್ನು ಎಲ್ಲಿಂದ ನೋಡುವುದು: ಸೇತುವೆ, ದ್ವೀಪ, ದೋಣಿ

ನಿಲ್ದಾಣದಿಂದ ಬಂದವರು ಎಬರ್‌ಹಾರ್ಡ್ ಸೇತುವೆಯ ಮೇಲೆ ನಿಲ್ಲದೆ ಮುಂದೆ ಹೋಗುವುದಿಲ್ಲ. ಬೇಸಿಗೆಯಲ್ಲಿ ಸೇತುವೆಯ ಉದ್ದಕ್ಕೂ ಹೂವು. ಎಡಕ್ಕೆ ನೋಡಿದರೆ ನೀರಿನ ಅಂಚಿಗೇ ಹಳದಿ, ಗುಲಾಬಿ, ತಿಳಿ ಹಸಿರು ಬಣ್ಣದ ಮನೆಗಳ ಸಾಲು. ಅದರ ಮುಂದೆ ನೀರಿಗೆ ತಲೆ ಬಗ್ಗಿಸಿದ ವಿಲ್ಲೋ ಮರಗಳು. ಮೇಲೆ ಚರ್ಚಿನ ಗೋಪುರ. ಊರಿನ ಪೋಸ್ಟ್‌ಕಾರ್ಡ್ ಎಲ್ಲವೂ ಇಲ್ಲಿಂದಲೇ ತೆಗೆದವು. ಸಮಯ ಕಡಿಮೆ ಇದ್ದವರಿಗೆ ಸೇತುವೆ ಒಂದೇ ಸಾಕು. ಬೆಳಿಗ್ಗೆಯ ಬಿಸಿಲು ಮನೆಗಳ ಮೇಲೆ ಬೀಳುವಾಗ ನೋಡಿದರೆ ಚೆನ್ನ.

ಸೇತುವೆಯ ಮಧ್ಯದಿಂದಲೇ ಮೆಟ್ಟಿಲು ಇಳಿದರೆ ನದಿಯ ನಡುವಿನ ಉದ್ದ ದ್ವೀಪ. ಅದರ ಮೇಲೆ ಪ್ಲೇನ್ ಮರಗಳ ಸಾಲು. 19ನೇ ಶತಮಾನದ ಮೊದಲ ಭಾಗದಲ್ಲಿ ನೆಟ್ಟ ಮರಗಳು ಈಗ ಎರಡೂ ಕಡೆಯಿಂದ ಸೇರಿ ಚಪ್ಪರ ಹಾಕಿವೆ. ಇಲ್ಲಿ ಟಿಕೆಟ್ ಇಲ್ಲ, ಗಡಿಬಿಡಿ ಇಲ್ಲ. ಬೆಂಚಿನ ಮೇಲೆ ಕೂತು ಎದುರಿನ ಮನೆಗಳ ಸಾಲನ್ನು ಎಷ್ಟು ಹೊತ್ತು ಬೇಕಾದರೂ ನೋಡಬಹುದು. ಊರಿನಿಂದ ಬಂದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಿದ್ದರೆ ಇದೇ ಒಳ್ಳೆಯ ಜಾಗ. ನೆಲ ಸಮತಟ್ಟಾಗಿದೆ. ಹಳೆಯ ಪೇಟೆಯ ಕಲ್ಲುಹಾಸಿನ ಏರು ಓಣಿಗಳಿಗೆ ಹೋಲಿಸಿದರೆ ಮಂಡಿಗೆ ಇದು ದೊಡ್ಡ ಉಪಕಾರ. ಗಾಲಿಕುರ್ಚಿ, ಮಗುವಿನ ತಳ್ಳುಗಾಡಿ ಇದ್ದವರು ಸೇತುವೆಯ ಮೆಟ್ಟಿಲು ಬಿಟ್ಟು ದ್ವೀಪದ ಇನ್ನೊಂದು ತುದಿಯ ಕಡೆಯಿಂದ ಬರುವುದು ವಾಸಿ.

ಮೂರನೆಯದು ದೋಣಿ. ಸ್ಟೋಖರ್‌ಕಾನ್ ಎನ್ನುವ ಈ ದೋಣಿಗಳು ಉದ್ದ, ಚಪ್ಪಟೆ ತಳದವು, ಪೂರ್ತಿ ಮರದವು. ಹುಟ್ಟು ಇಲ್ಲ, ಎಂಜಿನ್ ಇಲ್ಲ. ಅಂಬಿಗ ಹಿಂದಿನ ತುದಿಯಲ್ಲಿ ನಿಂತು ಉದ್ದದ ಗಳವನ್ನು ನದಿಯ ತಳಕ್ಕೆ ಊರಿ ತಳ್ಳುತ್ತಾನೆ. ಅಂಬಿಗರಲ್ಲಿ ವಿದ್ಯಾರ್ಥಿಗಳೂ ಇರುತ್ತಾರೆ. ಕೂತವರು ಎದುರುಬದುರಾಗಿ ಅಂಚಿಗೆ ಒರಗಿ ಕಾಲು ಚಾಚಿಕೊಳ್ಳುತ್ತಾರೆ. ವಸಂತದಿಂದ ಅಕ್ಟೋಬರ್‌ವರೆಗೆ ಓಡುತ್ತವೆ. ದ್ವೀಪವನ್ನು ಸುತ್ತಿ ಬರಲು ಸುಮಾರು ಒಂದು ಗಂಟೆ.

ಹಾಗಾದರೆ ಯಾವುದು? ನಾಲ್ಕೈದು ಜನರ ಗುಂಪು, ಮಕ್ಕಳು ಇದ್ದರೆ ದೋಣಿಗೆ ಖಂಡಿತ ಹಣ ಕೊಡಿ. ನೀರಿನ ಮಟ್ಟದಿಂದ ನೋಡಿದಾಗ ಊರು ಎತ್ತರವಾಗಿ ಕಾಣುತ್ತದೆ, ಗಳ ಕಲ್ಲಿಗೆ ತಾಗುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಮಕ್ಕಳಿಗೆ ಇಡೀ ದಿನದಲ್ಲಿ ಮನಸ್ಸಿಗೆ ಹಿಡಿಸುವುದು ಇದೇ ಆಗಿರುತ್ತದೆ. ಒಬ್ಬರೇ ಹೋದವರು ಬೇರೆಯವರ ಜೊತೆ ಸೇರಿಕೊಳ್ಳುವ ದೋಣಿಗೆ ಕಾಯಬೇಕು, ಅಂಬಿಗ ಹೇಳುವ ಕಥೆ ಹೆಚ್ಚಾಗಿ ಜರ್ಮನ್‌ನಲ್ಲಿರುತ್ತದೆ. ಅಂಥವರಿಗೆ ದ್ವೀಪವೇ ಮೇಲು. ನೀವು ಸುಮ್ನೆ ಕೂತಿದ್ದರೆ ದೋಣಿಗಳೇ ನಿಮ್ಮ ಮುಂದೆ ಹಾದು ಹೋಗುತ್ತವೆ.

ಒಂದು ದಿನ ಮಾತ್ರ ಈ ಲೆಕ್ಕ ತಲೆಕೆಳಗು. ಮೇ ಕೊನೆ ಅಥವಾ ಜೂನ್‌ನಲ್ಲಿ ಬರುವ ಫ್ರೋನ್‌ಲೈಶ್ನಾಮ್ ಹಬ್ಬದಂದು ವಿದ್ಯಾರ್ಥಿ ಸಂಘಗಳ ದೋಣಿ ಪಂದ್ಯ ನಡೆಯುತ್ತದೆ. ಸೋತ ತಂಡ ಎಲ್ಲರ ಮುಂದೆ ಕಾಡ್ ಮೀನಿನ ಎಣ್ಣೆ ಕುಡಿಯಬೇಕು, ಮುಂದಿನ ವರ್ಷದ ಪಂದ್ಯವನ್ನೂ ಅವರೇ ನಡೆಸಿಕೊಡಬೇಕು. ನೋಡಲು ಸಾವಿರಾರು ಜನ ಸೇರುತ್ತಾರೆ. ಪಂದ್ಯ ನೋಡುವ ಆಸೆ ಇದ್ದರೆ ಹೋಗಿ. ಊರು ನೋಡುವ ಆಸೆ ಇದ್ದರೆ ಅವತ್ತು ಬೇಡ.

ಎತ್ತರ ಹತ್ತುವುದಾದರೆ: ಚರ್ಚಿನ ಗೋಪುರವೋ, ಕೋಟೆಯೋ?

ಎರಡನ್ನೂ ಹತ್ತುವ ಶಕ್ತಿ ಇದ್ದರೆ ಹತ್ತಿ. ಒಂದೇ ಸಾಧ್ಯ ಎಂದರೆ ನನ್ನ ಉತ್ತರ ಕೋಟೆ. ಅದಕ್ಕೆ ಕಾರಣ ನೋಟ ಅಲ್ಲ.

ನೋಟದ ಮಟ್ಟಿಗೆ ಗೋಪುರವೇ ಗೆಲ್ಲುತ್ತದೆ. ಸಂತ ಜಾರ್ಜ್‌ನ ಈ ಚರ್ಚನ್ನು 15ನೇ ಶತಮಾನದಲ್ಲಿ, ವಿಶ್ವವಿದ್ಯಾಲಯ ಶುರುವಾದ ಕಾಲದಲ್ಲೇ ಕಟ್ಟಿದ್ದು. ಇಕ್ಕಟ್ಟಾದ ಸುತ್ತು ಮೆಟ್ಟಿಲು ಹತ್ತಿ ಮೇಲೆ ಬಂದರೆ ಕೆಂಪು ಹೆಂಚಿನ ಮಾಡುಗಳು ಒಂದರ ಮೇಲೊಂದು ಏರಿ ಕೋಟೆಯವರೆಗೆ ಹೋಗುವುದು ಕಾಣುತ್ತದೆ. ದೂರದಲ್ಲಿ ಶ್ವಾಬಿಯನ್ ಬೆಟ್ಟಗಳ ನೀಲಿ ಗೆರೆ. ಆದರೆ ಗೋಪುರ ಎಲ್ಲ ದಿನವೂ ತೆರೆದಿರುವುದಿಲ್ಲ. ಹತ್ತದವರು ಚರ್ಚಿನ ಒಳಗಾದರೂ ಹೋಗಿ ಬನ್ನಿ. ಮುಂಭಾಗದಲ್ಲಿ ಈ ಸೀಮೆಯನ್ನು ಆಳಿದ ವ್ಯೂರ್ಟೆಂಬರ್ಗ್ ದೊರೆಗಳ ಸಮಾಧಿಗಳಿವೆ. ಒಬ್ಬೊಬ್ಬರೂ ಕಲ್ಲಿನಲ್ಲಿ ಪೂರ್ತಿ ಮೈ ಚಾಚಿ ಮಲಗಿದ್ದಾರೆ. ವಿಶ್ವವಿದ್ಯಾಲಯ ಕಟ್ಟಿಸಿದ ಗಡ್ಡದ ಎಬರ್‌ಹಾರ್ಡ್ ಕೂಡ ಅವರ ನಡುವೆ ಇದ್ದಾನೆ. ಹೊರಗಿನಿಂದ ಕಿಟಕಿಗಳನ್ನು ನೋಡಲು ಮರೆಯಬೇಡಿ. ಒಂದು ಕಿಟಕಿಯ ಕಲ್ಲಿನ ಕೆತ್ತನೆಯಲ್ಲಿ ಚಕ್ರಕ್ಕೆ ಕಟ್ಟಿಹಾಕಿದ ಮನುಷ್ಯನಿದ್ದಾನೆ. ಅದು ಹಿಂಸೆ ಅನುಭವಿಸುತ್ತಿರುವ ಸಂತ ಜಾರ್ಜ್.

ಈಗ ಕೋಟೆ. ಹೋಹೆನ್‌ಟ್ಯೂಬಿಂಗೆನ್ ಕೋಟೆಯ ಹೆಸರು 1078ರ ದಾಖಲೆಯಲ್ಲೇ ಬರುತ್ತದೆ. ಈಗ ಕಾಣುವ ಕಟ್ಟಡ ಬಹುಪಾಲು 16ನೇ ಶತಮಾನದ್ದು. ಬುರ್ಗ್‌ಷ್ಟೈಗೆ ಎನ್ನುವ ಕಡಿದಾದ ಓಣಿ ಹತ್ತಿ, ಕೆತ್ತನೆಯ ಹೆಬ್ಬಾಗಿಲು ದಾಟಿ ಒಳಗೆ ಹೋಗಬೇಕು. ಅಂಗಳಕ್ಕೆ ದುಡ್ಡಿಲ್ಲ. ಬರೀ ಅಂಗಳ ನೋಡಿ ಇಳಿದು ಬರುವವರೇ ಜಾಸ್ತಿ, ಅವರು ಎರಡು ಅಪರೂಪದ ವಸ್ತುಗಳನ್ನು ನೋಡದೆ ಹೋಗುತ್ತಾರೆ.

ಮೊದಲನೆಯದು ಒಂದು ಕುದುರೆ. ಉದ್ದ 5 ಸೆಂಟಿಮೀಟರ್ ಕೂಡ ಇಲ್ಲ. ಮ್ಯಾಮತ್ ಆನೆಯ ದಂತದಲ್ಲಿ ಕೆತ್ತಿದ್ದು. ವಯಸ್ಸು ಸುಮಾರು 40,000 ವರ್ಷ. ಶ್ವಾಬಿಯನ್ ಬೆಟ್ಟಗಳಲ್ಲಿರುವ ಫೋಗೆಲ್‌ಹೆರ್ಡ್ ಗುಹೆಯಲ್ಲಿ 1931ರಲ್ಲಿ ಟ್ಯೂಬಿಂಗೆನ್‌ನ ಪುರಾತತ್ವಜ್ಞರು ಅಗೆದಾಗ ಸಿಕ್ಕಿತು. ಮನುಷ್ಯ ಮಾಡಿದ ಆಕೃತಿಗಳಲ್ಲಿ ನಮಗೆ ಸಿಕ್ಕಿರುವ ಅತಿ ಹಳೆಯವುಗಳಲ್ಲಿ ಇದೂ ಒಂದು. ಅದೇ ಗುಹೆಯ ಮ್ಯಾಮತ್, ಸಿಂಹದ ಬೊಂಬೆಗಳೂ ಜೊತೆಗಿವೆ. ಆ ಗುಹೆಗಳನ್ನು 2017ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಕುದುರೆಯ ಕತ್ತಿನ ಬಾಗು ನೋಡಿ. ಹಿಮಯುಗದಲ್ಲಿ, ಚಳಿಗೆ ಗುಹೆ ಸೇರಿದ ಒಬ್ಬ ಮನುಷ್ಯ ಊಟಕ್ಕೂ ಬೇಟೆಗೂ ಆಗದ ಈ ಕೆಲಸಕ್ಕೆ ಅಷ್ಟು ತಾಳ್ಮೆ ಇಟ್ಟಿದ್ದಾನಲ್ಲ! ಇದನ್ನು ನೋಡಲೆಂದೇ ಟ್ಯೂಬಿಂಗೆನ್‌ಗೆ ಹೋಗಬಹುದು ಎನ್ನುವುದು ನನ್ನ ಮಾತು. ಅದೇ ಮ್ಯೂಸಿಯಂನಲ್ಲಿ ಈಜಿಪ್ಟಿನ ಗೀಝಾದಿಂದ ತಂದ ಒಂದು ಸಮಾಧಿಯ ಕೋಣೆ ಇದೆ. ಗೋಡೆ ತುಂಬ ಚಿತ್ರಗಳು, ಒಳಗೆ ಹೋಗಿ ನಿಲ್ಲಬಹುದು. ಗ್ರೀಕ್, ರೋಮನ್ ಶಿಲ್ಪಗಳ ಗಾರೆ ಅಚ್ಚುಗಳ ದೊಡ್ಡ ಹಜಾರವೂ ಇದೆ. ಸಮಯ ಕಡಿಮೆ ಇದ್ದರೆ ಅದನ್ನು ಬಿಟ್ಟರೂ ನಷ್ಟವಿಲ್ಲ.

ಎರಡನೆಯದು ಕೋಟೆಯ ಅಡುಗೆಮನೆ. 19ನೇ ಶತಮಾನದಲ್ಲಿ ವಿಶ್ವವಿದ್ಯಾಲಯ ಆ ಅಡುಗೆಮನೆಯನ್ನು ರಸಾಯನಶಾಸ್ತ್ರದ ಪ್ರಯೋಗಶಾಲೆ ಮಾಡಿಕೊಂಡಿತ್ತು. ರಕ್ತದ ಕೆಂಪು ಪದಾರ್ಥಕ್ಕೆ ಹಿಮೋಗ್ಲೋಬಿನ್ ಎಂದು ಹೆಸರಿಟ್ಟ ಫೆಲಿಕ್ಸ್ ಹೋಪೆ-ಝೈಲರ್ ಇಲ್ಲಿ ಕೆಲಸ ಮಾಡುತ್ತಿದ್ದರು. ಅವರ ಕೈಕೆಳಗೆ ಸ್ವಿಟ್ಜರ್ಲೆಂಡಿನ ಹುಡುಗ ಫ್ರೀಡ್ರಿಕ್ ಮೀಶರ್ ಆಸ್ಪತ್ರೆಯಿಂದ ಬಂದ ಬ್ಯಾಂಡೇಜ್‌ಗಳ ಕೀವನ್ನು ತೊಳೆದು, ಅದರ ಜೀವಕೋಶಗಳ ಒಳಗಿನ ತಿರುಳಿನಿಂದ (ನ್ಯೂಕ್ಲಿಯಸ್) ಒಂದು ಹೊಸ ಪದಾರ್ಥವನ್ನು ಬೇರ್ಪಡಿಸಿದರು. ಅದು 1869. ಅವರು ಅದನ್ನು ನ್ಯೂಕ್ಲೀನ್ ಎಂದರು, ಈಗ ನಾವು ಡಿಎನ್ಎ ಎನ್ನುತ್ತೇವೆ. ದಪ್ಪ ಗೋಡೆ, ಕಮಾನಿನ ಸೂರು, ತಣ್ಣಗಿನ ಕೋಣೆ. ಆ ಕಾಲಕ್ಕೆ ತಣ್ಣಗಿರುವುದೂ ಒಂದು ಅನುಕೂಲವೇ. ಅಲ್ಲೀಗ ಚಿಕ್ಕದೊಂದು ಪ್ರದರ್ಶನ ಇದೆ. ಮೀಶರ್ ಮುಂದೆ ಸಾಲ್ಮನ್ ಮೀನಿನಿಂದ ಬೇರ್ಪಡಿಸಿದ ನ್ಯೂಕ್ಲೀನ್ ಇರುವ ಗಾಜಿನ ಕೊಳವೆ ಇಲ್ಲಿದೆ. ಹೈಸ್ಕೂಲು, ಪಿಯುಸಿ ಓದುವ ಮಕ್ಕಳು ಜೊತೆಗಿದ್ದರೆ ದೋಣಿಯನ್ನು ಬಿಟ್ಟರೂ ಇದನ್ನು ಬಿಡಬೇಡಿ.

ಕೋಟೆಗೆ ಏರು ಇದೆ. ನಡೆಯಲು ಕಷ್ಟವಾಗುವವರಿಗೆ ಚರ್ಚು, ಚೌಕ, ದ್ವೀಪ, ಇಷ್ಟೇ ಸಾಕು.

ಕನ್ನಡದ ಹೆಜ್ಜೆ

ಕನ್ನಡ ಓದುವವರಿಗೆ ಈ ಊರು ಹತ್ತಿರದ್ದು ಎಂದೆನಲ್ಲ, ಅದಕ್ಕೆ ಬರುತ್ತೇನೆ. ಕನ್ನಡದ ಮೊದಲ ಪತ್ರಿಕೆ ಮಂಗಳೂರು ಸಮಾಚಾರವನ್ನು 1843ರ ಜುಲೈನಲ್ಲಿ ಕಲ್ಲಚ್ಚಿನಲ್ಲಿ ಹೊರತಂದ ಹರ್ಮನ್ ಮೋಗ್ಲಿಂಗ್ ಟ್ಯೂಬಿಂಗೆನ್‌ನಲ್ಲಿ ಓದಿದವರು. ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳನ್ನು ಅಚ್ಚು ಹಾಕಿಸಿದವರೂ ಅವರೇ. ಆ ಕೆಲಸಕ್ಕೆ ಟ್ಯೂಬಿಂಗೆನ್ ವಿಶ್ವವಿದ್ಯಾಲಯ 1858ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಫರ್ಡಿನೆಂಡ್ ಕಿಟೆಲ್ ಅವರಿಗೂ ಇದೇ ವಿಶ್ವವಿದ್ಯಾಲಯ 1896ರಲ್ಲಿ, ನಿಘಂಟು ಹೊರಬಂದ ಎರಡು ವರ್ಷಕ್ಕೆ, ಅದೇ ಗೌರವ ಕೊಟ್ಟಿತು. ಧಾರವಾಡ, ಮಂಗಳೂರು, ಮಡಿಕೇರಿಗಳಲ್ಲಿ ಓಡಾಡಿ, ಹಳ್ಳಿಯವರ ಮಾತಿನಿಂದಲೂ ಹಳಗನ್ನಡದ ಕಾವ್ಯಗಳಿಂದಲೂ ಪದ ಆರಿಸಿ ಕಟ್ಟಿದ ನಿಘಂಟು ಅದು. ಕಿಟೆಲ್ ಕೊನೆಗಾಲವನ್ನು ಟ್ಯೂಬಿಂಗೆನ್‌ನಲ್ಲಿ ಕಳೆದು 1903ರ ಡಿಸೆಂಬರ್‌ನಲ್ಲಿ ಇಲ್ಲೇ ತೀರಿಕೊಂಡರು. ಅವರ ಕನ್ನಡ ವ್ಯಾಕರಣ ಪ್ರಕಟವಾದದ್ದೂ ಅದೇ ವರ್ಷ.

ಬೆಂಗಳೂರಿನ ಎಂ.ಜಿ. ರಸ್ತೆಯಲ್ಲಿ ಕಿಟೆಲ್ ಪ್ರತಿಮೆ ನೋಡಿದವರು ಇಲ್ಲೂ ಅಂಥದ್ದೇ ಏನಾದರೂ ಇರುತ್ತದೆ ಎಂದು ಹುಡುಕಿಕೊಂಡು ಹೋಗಬೇಡಿ. ಪ್ರವಾಸಿಗರ ನಕ್ಷೆಯಲ್ಲಿ ಅವರಿಗೆ ದೊಡ್ಡ ಜಾಗ ಇಲ್ಲ. ಅದಕ್ಕೆ ಬದಲು ಹಳೆಯ ಪೇಟೆಯ ಓಣಿಗಳಲ್ಲಿ ನಡೆಯಿರಿ. ಕನ್ನಡದ ಒಂದೊಂದು ಪದವನ್ನೂ ತೂಗಿ ನೋಡಿದ ಮನುಷ್ಯ ಮುಪ್ಪಿನಲ್ಲಿ ಓಡಾಡಿದ ಊರು ಇದು ಎನ್ನುವುದು ಗೊತ್ತಿದ್ದರೆ ಸಾಕು, ನೋಡುವ ಕಣ್ಣೇ ಬೇರೆಯಾಗುತ್ತದೆ.

ಇದೇ ಮಿಷನರಿಗಳ ಗುಂಪಿನ ಮೂರನೆಯವರು ಹರ್ಮನ್ ಗುಂಡರ್ಟ್. ಅವರೂ ಟ್ಯೂಬಿಂಗೆನ್‌ನಲ್ಲಿ ಓದಿ ಬಾಸೆಲ್ ಮಿಷನ್ ಸೇರಿದವರು. ಮಲಯಾಳಕ್ಕೆ ಅವರು ಮಾಡಿದ್ದು ಕನ್ನಡಕ್ಕೆ ಕಿಟೆಲ್ ಮಾಡಿದಂಥದ್ದೇ ಕೆಲಸ. ಅವರ ಹಸ್ತಪ್ರತಿಗಳು ಇಲ್ಲಿಯ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿವೆ. ಈಗ ಅಂತರ್ಜಾಲದಲ್ಲೂ ಓದಲು ಸಿಗುತ್ತವೆ. ಸುಮ್ನೆ ನೋಡಲು ಬಂದವರು ಅದಕ್ಕಾಗಿ ಗ್ರಂಥಾಲಯಕ್ಕೆ ಹೋಗಬೇಕಾಗಿಲ್ಲ. ಸಂಶೋಧನೆ ಮಾಡುವವರು ಮೊದಲೇ ಬರೆದು ಕೇಳಿ ಹೋಗುವುದು ಒಳ್ಳೆಯದು.

ಬರಹಗಾರರ ಜಾಗಗಳು: ಕವಿಯ ಗೋಪುರವೋ, ಪುಸ್ತಕದಂಗಡಿಯೋ?

ಗುಂಡರ್ಟ್ ಅವರ ಮಗಳ ಮಗ ಹರ್ಮನ್ ಹೆಸ್ಸೆ. ಮುಂದೆ 1946ರಲ್ಲಿ ನೊಬೆಲ್ ಪಡೆದ ಈ ಲೇಖಕ ಹದಿಹರೆಯದಲ್ಲಿ ಶಾಲೆ ಬಿಟ್ಟು, 1895ರಲ್ಲಿ ಟ್ಯೂಬಿಂಗೆನ್‌ಗೆ ಬಂದು ಪುಸ್ತಕದಂಗಡಿಯಲ್ಲಿ ಕೆಲಸ ಕಲಿಯಲು ಸೇರಿದ. 1899ರವರೆಗೆ ಇಲ್ಲೇ ಇದ್ದ. ಚರ್ಚಿನ ಎದುರಿಗಿರುವ ಆ ಹೆಕೆನ್‌ಹೌವರ್ ಅಂಗಡಿಯ ಜಾಗದಲ್ಲಿ ಹೆಸ್ಸೆಯ ನೆನಪಿನ ಚಿಕ್ಕ ಕೋಣೆ ಇದೆ.

ಇನ್ನೊಂದು ಕಡೆ ಹೋಲ್ಡರ್ಲೀನ್ ಗೋಪುರ. ನದಿಯ ಅಂಚಿನ ಹಳದಿ ಬಣ್ಣದ ದುಂಡು ಕಟ್ಟಡ, ಸೇತುವೆಯಿಂದ ನೋಡಿದಾಗ ಕಂಡಿರುತ್ತದೆ. ಕವಿ ಫ್ರೀಡ್ರಿಕ್ ಹೋಲ್ಡರ್ಲೀನ್ ವಿದ್ಯಾರ್ಥಿಯಾಗಿ ಇದೇ ಊರಿನ ಷ್ಟಿಫ್ಟ್ ಎನ್ನುವ ಪ್ರಾಟೆಸ್ಟೆಂಟ್ ಪಾಠಶಾಲೆಯಲ್ಲಿದ್ದ. ತತ್ವಶಾಸ್ತ್ರದ ಹೆಗೆಲ್, ಷೆಲ್ಲಿಂಗ್ ಇಬ್ಬರೂ ಅಲ್ಲಿ ಅವನ ಕೋಣೆಯ ಗೆಳೆಯರು. 1806ರಲ್ಲಿ ಮನಸ್ಸು ಕೆಟ್ಟಿತೆಂದು ಅವನನ್ನು ಇಲ್ಲಿಯ ಆಸ್ಪತ್ರೆಗೆ ತಂದರು. ಗುಣವಾಗುವುದಿಲ್ಲ, ಬದುಕುವುದೂ ಹೆಚ್ಚೆಂದರೆ ಮೂರು ವರ್ಷ ಎಂದು ಮರುವರ್ಷ ಬಿಟ್ಟುಬಿಟ್ಟರು. ಅವನ ಪುಸ್ತಕ ಓದಿ ಮೆಚ್ಚಿದ್ದ ಎರ್ನ್ಸ್ಟ್ ತ್ಸಿಮ್ಮರ್ ಎಂಬ ಬಡಗಿ, ಆಸ್ಪತ್ರೆಯ ಪಕ್ಕದಲ್ಲೇ ಇದ್ದ ತನ್ನ ಮನೆಗೆ ಅವನನ್ನು ಕರೆದುಕೊಂಡ. ಕವಿ ಅಲ್ಲಿ 36 ವರ್ಷ ಬದುಕಿದ. ಬಡಗಿ ಮೊದಲು ತೀರಿಕೊಂಡ, ಆಮೇಲೆ ಅವನ ಮಗಳು ನೋಡಿಕೊಂಡಳು. ಸಂಬಂಧಿಕನಲ್ಲದ ಒಬ್ಬ ರೋಗಿಯನ್ನು ಅಷ್ಟು ಕಾಲ ಮನೆಯವನಂತೆ ಇಟ್ಟುಕೊಂಡ ಆ ಕುಟುಂಬದ ಕಥೆ ಕವಿತೆಗಿಂತ ಮೊದಲು ನನ್ನ ಮನಸ್ಸನ್ನು ತಟ್ಟಿತು. ಆಗಿನ ಗೋಪುರ 1875ರಲ್ಲಿ ಸುಟ್ಟುಹೋಯಿತು. ಈಗ ಇರುವುದು ಆಮೇಲೆ ಕಟ್ಟಿದ್ದು.

ಹೆಸ್ಸೆಯನ್ನು ಓದಿದವರಿಗೆ, ಓದಿ ಪ್ರೀತಿಸಿದವರಿಗೆ ಮಾತ್ರ ಪುಸ್ತಕದಂಗಡಿ. ಉಳಿದವರಿಗೆ ಅಲ್ಲಿ ನೋಡಲು ಜಾಸ್ತಿ ಏನಿಲ್ಲ. ಗೋಪುರ ಹಾಗಲ್ಲ. ಜರ್ಮನ್ ಕಾವ್ಯದ ಪರಿಚಯವೇ ಇಲ್ಲದವರಿಗೂ ಆ ಕೋಣೆ, ಕಿಟಕಿಯಿಂದ ಕಾಣುವ ನೀರು, ಕೆಳಗಿನ ಪುಟ್ಟ ತೋಟ ಇಷ್ಟವಾಗುತ್ತದೆ. ಅರ್ಧ ಗಂಟೆ ಸಾಕು. ಕವಿ ಓದಿದ ಷ್ಟಿಫ್ಟ್ ಕಟ್ಟಡವನ್ನು ಹೊರಗಿನಿಂದ ನೋಡಿ ಬನ್ನಿ, ಒಳಗೆ ಇವತ್ತೂ ವಿದ್ಯಾರ್ಥಿಗಳು ಇದ್ದಾರೆ. ಗ್ರಹಗಳ ದಾರಿ ಲೆಕ್ಕ ಹಾಕಿದ ಕೆಪ್ಲರ್ ಕೂಡ ಇಲ್ಲಿಯ ವಿದ್ಯಾರ್ಥಿ.

ಚೌಕ ಮತ್ತು ಕೆಳಪೇಟೆ

ಇವೆರಡರಲ್ಲಿ ಆಯ್ಕೆ ಬೇಕಾಗಿಲ್ಲ, ಐದು ನಿಮಿಷದ ಅಂತರ. ಚೌಕದಲ್ಲಿ 1435ರ ಪುರಭವನ ಇದೆ. ಗೋಡೆ ತುಂಬ ಇರುವ ಚಿತ್ರಗಳು 19ನೇ ಶತಮಾನದವು. ನೆತ್ತಿಯಲ್ಲಿರುವ ಖಗೋಳ ಗಡಿಯಾರ ಮಾತ್ರ ನಿಜಕ್ಕೂ ಹಳೆಯದು, 1511ರಲ್ಲಿ ಯೊಹಾನೆಸ್ ಷ್ಟೋಫ್ಲರ್ ಎಂಬ ಗಣಿತದ ಪ್ರಾಧ್ಯಾಪಕ ಮಾಡಿದ್ದು. ಚಂದ್ರನ ಕಲೆಗಳನ್ನೂ ತೋರಿಸುತ್ತದೆ. ಸಂತೆಯ ದಿನ ಅದರ ಕೆಳಗೆ ತರಕಾರಿ, ಹೂವು, ಚೀಸ್, ಜೇನು.

ಹಳೆಯ ಕಾಲದಲ್ಲಿ ಮೇಲಿನ ಪೇಟೆ ಪ್ರಾಧ್ಯಾಪಕರದು, ಕೆಳಗಿನದು ದ್ರಾಕ್ಷಿ ಬೆಳೆಯುವ ರೈತರದು. ಕೆಳಪೇಟೆಯಲ್ಲಿ ಅಮ್ಮರ್ ಕಾಲುವೆ ಓಣಿಯ ಪಕ್ಕದಲ್ಲೇ ಹರಿಯುತ್ತದೆ. ಮನೆಗಳು ಗಿಡ್ಡ, ಪ್ರವಾಸಿಗರು ಕಡಿಮೆ. ಚೌಕದಲ್ಲಿ ಕಾಫಿ ಕುಡಿಯುವ ಬದಲು ಇಲ್ಲಿಗೆ ಇಳಿದು ಬನ್ನಿ.

ಊರಾಚೆ ಅರ್ಧ ದಿನ: ಬೇಬೆನ್‌ಹೌಸೆನ್ ಅಥವಾ ವುರ್ಮ್‌ಲಿಂಗೆನ್

ಇಡೀ ದಿನ ಇದ್ದು, ಮಧ್ಯಾಹ್ನದ ಮೇಲೆ ಊರಿಂದ ಹೊರಗೆ ಹೋಗುವ ಮನಸ್ಸಿದ್ದರೆ ಎರಡು ದಾರಿ.

ಉತ್ತರಕ್ಕೆ ಸುಮಾರು 5 ಕಿಲೋಮೀಟರ್ ದೂರದಲ್ಲಿ, ಶೋನ್‌ಬುಖ್ ಕಾಡಿನ ಅಂಚಿನಲ್ಲಿ ಬೇಬೆನ್‌ಹೌಸೆನ್ ಇದೆ. ಬಸ್ಸಿನಲ್ಲಿ ಕಾಲು ಗಂಟೆ. 12ನೇ ಶತಮಾನದಲ್ಲಿ ಶುರುವಾದ ಸಿಸ್ಟರ್ಷಿಯನ್ ಸನ್ಯಾಸಿಗಳ ಮಠ ಇದು. ಒಳ ಅಂಗಳದ ಸುತ್ತ ಕಮಾನಿನ ಪಡಸಾಲೆ, ಕಂಬಗಳಿಂದ ಎಲೆಗರಿಯಂತೆ ಬಿಚ್ಚಿಕೊಳ್ಳುವ ಸೂರಿನ ಊಟದ ಹಜಾರ. ಮುಂದೆ ವ್ಯೂರ್ಟೆಂಬರ್ಗ್ ದೊರೆಗಳು ಮಠದ ಒಂದು ಭಾಗವನ್ನು ಬೇಟೆಯ ಅರಮನೆ ಮಾಡಿಕೊಂಡರು. ಕೊನೆಯ ರಾಜ ಎರಡನೇ ವಿಲ್‌ಹೆಲ್ಮ್ 1918ರಲ್ಲಿ ಪಟ್ಟ ಬಿಟ್ಟ ಮೇಲೆ ಇಲ್ಲಿಗೆ ಬಂದು 1921ರಲ್ಲಿ ತೀರಿಕೊಂಡ. ರಾಣಿ ಶಾರ್ಲೊಟ್ಟೆ 1946ರವರೆಗೆ ಇಲ್ಲೇ ಇದ್ದಳು. ಯುದ್ಧ ಮುಗಿದ ಮೇಲೆ ಕೆಲವು ವರ್ಷ ಒಂದು ಪುಟ್ಟ ರಾಜ್ಯದ ಶಾಸನಸಭೆ ಕೂಡ ಇದೇ ಗೋಡೆಗಳ ಒಳಗೆ ಸೇರುತ್ತಿತ್ತು. ಇಷ್ಟು ಚಿಕ್ಕ ಜಾಗದಲ್ಲಿ ಮಠ, ಅರಮನೆ, ಶಾಸನಸಭೆ ಮೂರೂ ಸಿಗುವುದು ಅಪರೂಪ.

ಪಶ್ಚಿಮಕ್ಕೆ, ಕೋಟೆಯ ಹಿಂಬಾಗಿಲಿನಿಂದಲೇ ಹೊರಟು ಗುಡ್ಡದ ಬೆನ್ನಿನ ಮೇಲೆ ಕಾಡಿನಲ್ಲಿ ನಡೆದರೆ ಎರಡು ಗಂಟೆಯೊಳಗೆ ವುರ್ಮ್‌ಲಿಂಗೆನ್ ಗುಡ್ಡ. ನೆತ್ತಿಯ ಮೇಲೆ ಒಂಟಿ ಪ್ರಾರ್ಥನಾ ಮಂದಿರ, ಸುತ್ತ ಚಿಕ್ಕ ಸ್ಮಶಾನ, ಇಳಿಜಾರಿನಲ್ಲಿ ದ್ರಾಕ್ಷಿ ತೋಟ. ಟ್ಯೂಬಿಂಗೆನ್ ಊರಿನ ಕವಿ ಲುಡ್ವಿಗ್ ಊಲಾಂಡ್ ಇದರ ಮೇಲೆ ಬರೆದ ಪದ್ಯ ಜರ್ಮನಿಯಲ್ಲಿ ಹೆಸರಾದದ್ದು. ಮಂದಿರದ ಬಾಗಿಲು ತೆರೆದಿರುತ್ತದೆ ಎಂದು ನಂಬಿ ಹೋಗಬೇಡಿ. ಹೋಗುವುದು ದಾರಿಗಾಗಿ, ಮೇಲಿಂದ ಕಾಣುವ ಎರಡು ಕಣಿವೆಗಳಿಗಾಗಿ. ಕೆಳಗಿನ ಹಳ್ಳಿಯಿಂದ ಬಸ್ಸಿನಲ್ಲಿ ಹಿಂದಿರುಗಬಹುದು.

ಮಳೆ ಬಂದರೆ, ಹಿರಿಯರು ಜೊತೆಗಿದ್ದರೆ, ಕಟ್ಟಡ ನೋಡುವ ಆಸಕ್ತಿ ಇದ್ದರೆ ಬೇಬೆನ್‌ಹೌಸೆನ್. ಆಕಾಶ ತಿಳಿಯಾಗಿದ್ದು ಒಳ್ಳೆಯ ಬೂಟು ಇದ್ದರೆ ವುರ್ಮ್‌ಲಿಂಗೆನ್. ನನ್ನನ್ನೇ ಕೇಳಿದರೆ ಏಪ್ರಿಲ್, ಮೇ ತಿಂಗಳಲ್ಲಿ ನಾನು ಎರಡನೆಯದನ್ನು ಬಿಡುವುದಿಲ್ಲ. ಆಗ ದಾರಿಯ ಪಕ್ಕದ ಹಣ್ಣಿನ ತೋಟಗಳಲ್ಲಿ ಹೂವು.

ಊಟದ ವಿಷಯ

ಈ ಸೀಮೆಯ ಶ್ವಾಬಿಯನ್ ಅಡುಗೆಯಲ್ಲಿ ಸಸ್ಯಾಹಾರಿಗಳಿಗೆ ಜಾಗ ಇದೆ, ಸ್ವಲ್ಪ ಎಚ್ಚರ ಬೇಕು ಅಷ್ಟೆ. ಕೇಸೆ ಷ್ಪೆಟ್ಸ್‌ಲೆ ಎಂದರೆ ಚೀಸ್ ಕರಗಿಸಿ ಹುರಿದ ಈರುಳ್ಳಿ ಹಾಕಿದ ಮೆತ್ತನೆಯ ಹಿಟ್ಟಿನ ಎಳೆಗಳು. ಹಿಟ್ಟಿಗೆ ಮೊಟ್ಟೆ ಇರುತ್ತದೆ. ಕೆಲವು ಕಡೆ ಹಂದಿಮಾಂಸದ ಚೂರು ಉದುರಿಸುತ್ತಾರೆ, ಕೇಳಿಕೊಳ್ಳಿ. ಬೇಳೆ ಮತ್ತು ಷ್ಪೆಟ್ಸ್‌ಲೆ ಎಂದು ಮೆನುವಿನಲ್ಲಿ ಓದಿ ಖುಷಿಪಟ್ಟರೆ ತಟ್ಟೆಯಲ್ಲಿ ಸಾಸೇಜ್ ಕೂಡ ಬರುತ್ತದೆ. ಮೌಲ್‌ಟಾಷೆನ್ ಎನ್ನುವ ಹೂರಣ ತುಂಬಿದ ಕಡುಬಿನಲ್ಲಿ ಮಾಂಸದ್ದೇ ಸಾಮಾನ್ಯ, ತರಕಾರಿಯದೂ ಬಹಳ ಕಡೆ ಸಿಗುತ್ತದೆ. ಆಲೂಗಡ್ಡೆ ಸಲಾಡ್ ನೋಡಲು ನಿರುಪದ್ರವಿ, ಆದರೆ ಇಲ್ಲಿ ಅದನ್ನು ಮಾಂಸದ ಸಾರಿನಲ್ಲಿ ಕಲಸುವ ರೂಢಿ ಇದೆ. ಕಟ್ಟುನಿಟ್ಟಿನ ಸಸ್ಯಾಹಾರಿಗಳಿಗೆ ಹಳೆಯ ಹೋಟೆಲಿಗಿಂತ ವಿದ್ಯಾರ್ಥಿಗಳು ಹೋಗುವ ಕೆಫೆಗಳು ಸುಲಭ. ಅಲ್ಲಿ ವೀಗನ್ ಊಟವೂ ಮಾಮೂಲಿ.

ಕೂತು ತಿನ್ನುವುದೋ, ಕಟ್ಟಿಸಿಕೊಂಡು ದ್ವೀಪಕ್ಕೆ ಹೋಗುವುದೋ? ಹವೆ ಚೆನ್ನಾಗಿದ್ದರೆ ಎರಡನೆಯದೇ ಚೆಂದ. ಆದರೆ 2022ರಿಂದ ಈ ಊರಿನಲ್ಲಿ ಬಳಸಿ ಬಿಸಾಡುವ ಲೋಟ, ಡಬ್ಬಿಗೆ 50 ಸೆಂಟ್, ಚಮಚಕ್ಕೆ 20 ಸೆಂಟ್ ತೆರಿಗೆ ಇದೆ. ಅದು ಬಿಲ್ಲಿನಲ್ಲಿ ಸೇರಿ ಬರುತ್ತದೆ. ಜರ್ಮನಿಯ ಸಂವಿಧಾನ ನ್ಯಾಯಾಲಯ ಇದನ್ನು ಎತ್ತಿಹಿಡಿದ ತೀರ್ಪು 2025ರ ಜನವರಿಯಲ್ಲಿ ಹೊರಬಂತು. ಮನೆಯಿಂದ ಒಂದು ಸ್ಟೀಲ್ ಡಬ್ಬಿ, ಒಂದು ಲೋಟ ತೆಗೆದುಕೊಂಡು ಹೋಗಿ. ಅದಕ್ಕೇ ಹಾಕಿಕೊಡಿ ಎಂದರೆ ಹಾಕಿಕೊಡುತ್ತಾರೆ.